ಕಾಲಿಂಚಿನ ಹಾದಿಯಲ್ಲಿ ಉಸಿರು

ಪೆರುಂಗುಡಿಯಲ್ಲಿ ಬೆಳಗಾಗುವುದು ನೀರಿನ ಟ್ಯಾಂಕರಿನ ಸದ್ದಿನಿಂದ. ಚೆನ್ನೈನಿಂದ ದಕ್ಷಿಣಕ್ಕೆ ಹೊರಟ ಹಳೆ ಮಹಾಬಲಿಪುರಂ ರಸ್ತೆಯ ಎರಡೂ ಬದಿ ಗಾಜಿನ ಕಚೇರಿಗಳು, ಅವುಗಳ ಬೆನ್ನಿಗೆ ಅಪಾರ್ಟ್‌ಮೆಂಟುಗಳು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಿವರ್ಸ್ ಬರುತ್ತಿರುವ ಲಾರಿ. ಕ್ಲೀನರ್ ಹುಡುಗ ತೋಳುಗಾತ್ರದ ಹೋಸನ್ನು ಎಳೆದು ಸಂಪಿನ ಬಾಯಿಗೆ ಇಳಿಬಿಟ್ಟು ವಾಲ್ವ್ ತಿರುಗಿಸುತ್ತಾನೆ. ಮೇಲೆ ಯಾರೋ ಕಾಫಿ ಕುಡಿದು ಪೇಪರ್ ಮಡಿಚುವಷ್ಟರಲ್ಲಿ ಲಾರಿ ಖಾಲಿ. ಅದೇ ನೀರನ್ನು ಗಿಡಕ್ಕೆ ಹಾಕುವ ಸಣ್ಣ ಪೈಪಿನಲ್ಲಿ ಇಳಿಸಹೊರಟರೆ ಮಧ್ಯಾಹ್ನದ ಊಟದ ಹೊತ್ತಾದರೂ ಮುಗಿಯದು. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರುಣಿಸುವ ಕೆರೆಗಳು ಒಣಗಿದಾಗ, ಹೋಸ್ ಎಷ್ಟು ದಪ್ಪ, ಎಷ್ಟು ಉದ್ದ, ಎಲ್ಲಿ ಮಡಿಚಿಕೊಂಡಿದೆ ಎಂಬುದೆಲ್ಲ ಈ ರಸ್ತೆಯ ಮನೆಮಂದಿಗೆ ಬಾಯಿಪಾಠವಾಗಿತ್ತು.

ಈ ಬರಹದ ವಿಷಯವೂ ಹೋಸೇ. ಅದರಲ್ಲಿ ಹರಿಯುವುದು ಮಾತ್ರ ಗಾಳಿ. ತುದಿಯಲ್ಲಿ ಸಂಪಿನ ಬದಲು ಮನುಷ್ಯನ ಬಾಯಿ ಇರುತ್ತದೆ.

ಬೆಂಗಳೂರು, ಮೈಸೂರು, ಶಿವಮೊಗ್ಗಗಳಿಂದ ಬಂದು ಇಲ್ಲಿ ಕೆಲಸ ಮಾಡುವ ಕನ್ನಡದ ಹುಡುಗರು ಹುಡುಗಿಯರು ಇದ್ದಾರೆ. ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಭಾನುವಾರ ಸಂಜೆ, ಆರನೇ ಮಹಡಿಯ ಬಾಲ್ಕನಿ. ಶಿವಮೊಗ್ಗದಿಂದ ಬಂದಿರುವ ತಾಯಿ ಒಣಗಿದ ಬಟ್ಟೆ ಮಡಿಚುತ್ತಿದ್ದಾರೆ. ಮಗ ಬಕೆಟ್ಟಿನಲ್ಲಿ ಸಿಹಿನೀರು ತುಂಬಿ, ಕಪ್ಪು ಕೊಳವೆಗಳ ಗೊಂಚಲೊಂದನ್ನು ಅದರಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದಾನೆ. ಒಂದು ಲೋಹದ ಗುಂಡು, ಅದರಿಂದ ನಾಲ್ಕು ಹೋಸು, ಎರಡರ ತುದಿಯಲ್ಲಿ ಮುಷ್ಟಿಗಾತ್ರದ ಪ್ಲಾಸ್ಟಿಕ್ ಬಟ್ಟಲು.

“ಏನೋ ಇದು, ಆಸ್ಪತ್ರೆಯಿಂದ ತಂದ ಹಾಗಿದೆ?”

“ರೆಗ್ಯುಲೇಟರ್ ಅಮ್ಮ. ಸಮುದ್ರದಲ್ಲಿ ಉಸಿರಾಡೋದು ಇದರಲ್ಲೇ.”

“ಇಷ್ಟು ಸಣ್ಣ ಪೈಪಲ್ಲಾ? ಸಾಲುತ್ತೇನೋ ಗಾಳಿ?”

ತಾಯಿ ಕೇಳಿದ್ದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಸ್ಕೂಬಾ ಸಾಮಾನು ಕೊಳ್ಳುವವರು ಅಂಗಡಿಯಲ್ಲಿ ಕೇಳಿಕೊಳ್ಳುವುದೂ ಇದನ್ನೇ, ಸ್ವಲ್ಪ ಡೌಲಿನ ಮಾತಿನಲ್ಲಿ: ಯಾವ ಹೋಸಿನಲ್ಲಿ ಗಾಳಿ ಹೆಚ್ಚು ಹರಿಯುತ್ತದೆ? ಹಳೆಯ ರಬ್ಬರಿನದರಲ್ಲೋ, ಹೊಸದಾಗಿ ಬಂದಿರುವ ನೈಲಾನ್ ನೇಯ್ಗೆಯದರಲ್ಲೋ? ಗಿಡ್ಡದರಲ್ಲೋ, ಉದ್ದದರಲ್ಲೋ?

ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ಗೊತ್ತಿತ್ತು, ವೈಶಂಪಾಯನ ಸರೋವರದಲ್ಲಿ ಹಾಯಾಗಿ ಕೂತ. ಆ ವಿದ್ಯೆ ಇಲ್ಲದವರಿಗೆ ಬೇಕಾದದ್ದು ಸಿಲಿಂಡರು. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಹೊಟ್ಟೆ ಸುಮಾರು 11 ಲೀಟರ್. ಅದರಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿ, ಅಂದರೆ ನಾವು ಹೊರಗೆ ಉಸಿರಾಡುವ ಲೆಕ್ಕದಲ್ಲಿ 2,200 ಲೀಟರ್. ಆ ಒತ್ತಡವನ್ನು ನೇರ ಬಾಯಿಗೆ ಬಿಟ್ಟರೆ ಪುಪ್ಪುಸ ಹರಿದುಹೋಗುತ್ತದೆ. ಆದ್ದರಿಂದ ಎರಡು ಮೆಟ್ಟಿಲಲ್ಲಿ ಇಳಿಸುತ್ತಾರೆ. ಸಿಲಿಂಡರಿನ ಕೊರಳಿಗೆ ಕೂರುವ ಲೋಹದ ಗುಂಡು ಫಸ್ಟ್ ಸ್ಟೇಜ್; ಅದು 200 ಬಾರನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ 9ರಿಂದ 10 ಬಾರ್ ಹೆಚ್ಚು ಎಂಬ ಮಟ್ಟಕ್ಕೆ ತರುತ್ತದೆ. ಬಾಯಲ್ಲಿ ಕಚ್ಚುವ ಬಟ್ಟಲು ಸೆಕೆಂಡ್ ಸ್ಟೇಜ್. ಉಸಿರೆಳೆದಾಗ ಮಾತ್ರ ಬಾಗಿಲು ತೆರೆದು, ನೀರಿನ ಒತ್ತಡಕ್ಕೆ ಸರಿಸಮವಾದ ಗಾಳಿ ಕೊಡುತ್ತದೆ. ಇವೆರಡರ ನಡುವಿನ ಸೇತುವೆಯೇ ಲೋ ಪ್ರೆಶರ್ ಹೋಸ್. ಹೆಸರಿಗೆ ಕಡಿಮೆ ಒತ್ತಡ. ಕಾರಿನ ಟೈರಿನಲ್ಲಿ ಇರುವುದು ಎರಡೂಕಾಲು ಬಾರ್, ಇದರಲ್ಲಿ ಅದರ ನಾಲ್ಕು ಪಟ್ಟು.

ಅದರ ಒಳಗಿನ ಅಗಲ ಸುಮಾರು ಕಾಲು ಇಂಚು, ಅಂದರೆ 6 ಮಿಲಿಮೀಟರಿಗಿಂತ ತುಸು ಹೆಚ್ಚು. ಎಳನೀರಿಗೆ ಹಾಕಿಕೊಡುವ ಸ್ಟ್ರಾದ ಅಗಲ ಎನ್ನಬಹುದು.

ಇಷ್ಟು ಸಣ್ಣದು ಸಾಲುವುದು ಹೇಗೆ? ಉತ್ತರ ಇರುವುದು ಆ 9, 10 ಬಾರಿನಲ್ಲೇ. ಒತ್ತಿದ ಗಾಳಿ ಕಡಿಮೆ ಜಾಗದಲ್ಲಿ ಹೆಚ್ಚು ಕೂರುತ್ತದೆ. ಮೇಲ್ಮೈಯಲ್ಲಿ 1 ಲೀಟರ್ ಉಸಿರು ಈ ಹೋಸಿನೊಳಗೆ 100 ಮಿಲಿಲೀಟರಿನಷ್ಟು ಜಾಗ ಹಿಡಿದರೆ ಹೆಚ್ಚು. ಜಾತ್ರೆಗೆ ಹೊರಟ ಬಸ್ಸಿನಂತೆ. ಬಾಗಿಲು ಒಂದೇ, ಒಳಗೆ ತುಂಬಿದವರು ಮಾತ್ರ ಹತ್ತು ಪಟ್ಟು.

ಮೊದಲು ಹೀಗಿರಲಿಲ್ಲ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾ ಸೇರಿ ಮಾಡಿದ ಆಕ್ವಾಲಂಗ್‌ನಲ್ಲಿ ಒತ್ತಡ ಇಳಿಸುವ ಕೆಲಸವೆಲ್ಲ ಬೆನ್ನ ಹಿಂದೆಯೇ ಮುಗಿಯುತ್ತಿತ್ತು. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಅನಿಲದಿಂದ ಓಡುತ್ತಿದ್ದ ಮೋಟಾರುಗಳಿಗೆಂದು ಗಾನ್ಯಾ ರೂಪಿಸಿದ್ದ ವಾಲ್ವೇ ಅದರ ಮೂಲ. ಅಲ್ಲಿಂದ ಬಾಯಿಗೆ ಬರುವ ಗಾಳಿಗೆ ಹೆಚ್ಚಿನ ಒತ್ತಡವೇ ಇರಲಿಲ್ಲವಾದ್ದರಿಂದ, ಕೊಳವೆ ದಪ್ಪಗಿರಲೇಬೇಕಿತ್ತು. ಹಳೆಯ ಚಿತ್ರಗಳಲ್ಲಿ ಮುಳುಗುಗಾರರ ಎರಡೂ ಭುಜದ ಮೇಲಿಂದ ಬರುವ, ಮಡಿಕೆ ಮಡಿಕೆಯ ರಬ್ಬರ್ ಕೊಳವೆಗಳು ಅವೇ. ಒಂದು ಉಸಿರು ತರಲು, ಇನ್ನೊಂದು ಬಿಟ್ಟ ಉಸಿರನ್ನು ಒಯ್ಯಲು.

ಅದನ್ನು ಬದಲಾಯಿಸಿದವನು ಆಸ್ಟ್ರೇಲಿಯಾದ ಮೆಲ್ಬರ್ನಿನ ಟೆಡ್ ಎಲ್ಡ್ರೆಡ್. 1952ರಲ್ಲಿ ಅವನ ಪೋರ್ಪಸ್ ಎಂಬ ಉಪಕರಣ ಮಾರುಕಟ್ಟೆಗೆ ಬಂತು. ಎರಡನೇ ಮೆಟ್ಟಿಲನ್ನು ಅವನು ಬೆನ್ನಿನಿಂದ ಕಿತ್ತು ಬಾಯಿಗೇ ತಂದ. ನಡುವೆ ಒಂದೇ ಒಂದು ಸಪೂರ ಹೋಸು. ಇವತ್ತು ಜಗತ್ತಿನಲ್ಲಿ ಯಾರು ಸ್ಕೂಬಾ ಇಳಿದರೂ, ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಇಳಿದರೂ, ಕಚ್ಚಿಕೊಳ್ಳುವುದು ಎಲ್ಡ್ರೆಡ್‌ನ ಉಪಾಯವನ್ನು. ಕೂಸ್ತೋನ ಹೆಸರು ಎಲ್ಲರಿಗೂ ಗೊತ್ತು, ಎಲ್ಡ್ರೆಡ್‌ನದು ಗೊತ್ತಿರುವವರು ಕೆಲವರೇ. ಕೊಳಾಯಿ ರಿಪೇರಿಯವನ ಹೆಸರನ್ನು ಮನೆಯವರು ಕೇಳಿಕೊಳ್ಳುತ್ತಾರೆಯೇ?

ನೇತ್ರಾಣಿಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. 20 ಮೀಟರ್ ಆಳ. ಅಲ್ಲಿ ಸುತ್ತಲಿನ ಒತ್ತಡ 3 ಬಾರ್. ಮೀನು ನೋಡುತ್ತ ನಿಧಾನಕ್ಕೆ ಈಜುವವನು ನಿಮಿಷಕ್ಕೆ 25 ಲೀಟರ್ ಉಸಿರಾಡುತ್ತಾನೆ ಎನ್ನೋಣ. ಉಸಿರು ನಲ್ಲಿ ನೀರಿನಂತೆ ಒಂದೇ ಸಮ ಹರಿಯುವುದಿಲ್ಲ; ಅಲೆಯಂತೆ ಏರಿ ಇಳಿಯುತ್ತದೆ. ಅಲೆಯ ನೆತ್ತಿಯಲ್ಲಿ ಹರಿವು ಸರಾಸರಿಯ ಮೂರು ಪಟ್ಟಿಗೂ ತುಸು ಹೆಚ್ಚು. ಹೋಸಿನ ಹೋಲಿಕೆ ಮಾಡಬೇಕಾದ್ದು ಈ ನೆತ್ತಿಯ ಕ್ಷಣದಲ್ಲಿ. ಪಠ್ಯಪುಸ್ತಕದ ಸೂತ್ರದಂತೆ ಲೆಕ್ಕ ಹಾಕಿದರೆ, ಆ ಕ್ಷಣ ಕಾಲಿಂಚಿನ ಹೋಸಿನೊಳಗೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಗಂಟೆಗೆ 36 ಕಿಲೋಮೀಟರ್. ಸಿಗ್ನಲ್ ಬಿಟ್ಟ ಮೇಲೆ ಆಟೋ ಓಡುವ ವೇಗ. ಒಳಮೈಗೆ ಉಜ್ಜಿ ಕಳೆದುಕೊಳ್ಳುವ ಒತ್ತಡ, ಮುಕ್ಕಾಲು ಮೀಟರ್ ಉದ್ದದ ಮಾಮೂಲು ಹೋಸಿನಲ್ಲಿ, 1 ಬಾರಿನ ಐವತ್ತನೇ ಒಂದು ಭಾಗದಷ್ಟು. ಕೈಲಿರುವುದು 9 ಬಾರಿಗೂ ಹೆಚ್ಚು. ಸಾವಿರ ರೂಪಾಯಿ ಇಟ್ಟುಕೊಂಡವನಿಗೆ ಎರಡು ರೂಪಾಯಿ ಬಿದ್ದುಹೋದ ಹಾಗೆ.

ಹೋಸನ್ನು 2.1 ಮೀಟರಿಗೆ ಉದ್ದ ಮಾಡಿದರೂ ಕಳೆಯುವುದು ಐದು ರೂಪಾಯಿ. ಈ ಉದ್ದ ಸುಮ್ಮನೆ ಹೇಳಿದ್ದಲ್ಲ. ಫ್ಲಾರಿಡಾದ ನೀರ್ಗುಹೆಗಳಲ್ಲಿ ಈಜುವವರು 7 ಅಡಿಯ ಹೋಸನ್ನು ರೂಢಿಗೆ ತಂದರು. ಇಬ್ಬರು ಅಕ್ಕಪಕ್ಕ ನುಸುಳಲಾಗದ ಇಕ್ಕಟ್ಟಿನಲ್ಲಿ ಒಬ್ಬನ ಗಾಳಿ ಮುಗಿದರೆ, ಇನ್ನೊಬ್ಬ ತನ್ನ ಬಾಯಲ್ಲಿರುವುದನ್ನೇ ತೆಗೆದು ಕೊಟ್ಟು, ಒಬ್ಬರ ಹಿಂದೊಬ್ಬರು ಹೊರಬರಬೇಕು. ಅದಕ್ಕೆ ಉದ್ದ ಬೇಕು. ಅಷ್ಟುದ್ದ ಹೋಸಿನಲ್ಲಿ ಉಸಿರು ಕಟ್ಟುತ್ತದೆ ಎಂದು ವಾದಿಸುವವರು ಇದ್ದಾರೆ. ಮೇಲಿನ ಲೆಕ್ಕ ಅವರ ಪರವಾಗಿಲ್ಲ.

ಹಾಗಾದರೆ ಹೋಲಿಸುವ ಗೊಡವೆಯೇ ಬೇಡವೇ? ಆಳ ಹೆಚ್ಚಾದಾಗ ಮತ್ತು ಏದುಸಿರು ಬಂದಾಗ ಲೆಕ್ಕ ತಿರುಗಿಬೀಳುತ್ತದೆ. ಯುರೋಪಿನ ಇಎನ್ 250 ಎಂಬ ಮಾನಕದ ಪರೀಕ್ಷೆ ಇಂಥ ಹೊತ್ತಿಗಾಗಿಯೇ ಇದೆ. ಉಸಿರಾಡುವ ಯಂತ್ರವೊಂದು, 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 25 ಸಲ, ಸಲಕ್ಕೆ ಎರಡೂವರೆ ಲೀಟರಿನಂತೆ 62.5 ಲೀಟರ್ ಎಳೆಯುತ್ತದೆ. ಪ್ರತಿ ಲೀಟರಿಗೆ ಉಸಿರಾಟದ ದುಡಿಮೆ 3 ಜೂಲ್ ದಾಟಬಾರದು. ಆ ಸ್ಥಿತಿಯ ನೆತ್ತಿಯ ಕ್ಷಣದಲ್ಲಿ ಅದೇ ಕಾಲಿಂಚಿನ ಹೋಸಿನಲ್ಲಿ ಗಾಳಿ ಓಡುವುದು ಗಂಟೆಗೆ ಸುಮಾರು 140 ಕಿಲೋಮೀಟರ್ ವೇಗದಲ್ಲಿ. ಗಿಡ್ಡ ಹೋಸು ಕಾಲು ಬಾರ್ ತಿನ್ನುತ್ತದೆ, 7 ಅಡಿಯದು ಮುಕ್ಕಾಲು ಬಾರ್. ಈಗ ಸಾವಿರದಲ್ಲಿ ಎಂಬತ್ತು ರೂಪಾಯಿ ಹೋಯಿತು. ಜೇಬು ತಡವಿ ನೋಡುವ ಮೊತ್ತ.

ಇನ್ನೂ ಸ್ವಾರಸ್ಯ ಇರುವುದು ಅಗಲದಲ್ಲಿ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ನೀರು ಹರಿಸಿ, ನಡುವೆ ಬಣ್ಣದ ಎಳೆಯೊಂದನ್ನು ಬಿಟ್ಟು ನೋಡಿದ. ನಿಧಾನಕ್ಕೆ ಹರಿದಾಗ ಎಳೆ ದಾರದಂತೆ ನೆಟ್ಟಗೆ ಸಾಗಿತು. ವೇಗ ಮಿತಿ ದಾಟಿದಾಗ ಚೆದುರಿ ಕೊಳವೆಯೆಲ್ಲ ಬಣ್ಣವಾಯಿತು. ಮುಳುಗುಗಾರನ ಹೋಸಿನಲ್ಲಿ ನಡೆಯುವುದು ಈ ಎರಡನೆಯ ಬಗೆಯ, ಸುಳಿ ಎದ್ದ ಹರಿವು. ಸುಳಿ ಎದ್ದ ಹರಿವಿನಲ್ಲಿ, ಅಷ್ಟೇ ಗಾಳಿ ಸಾಗಿಸಬೇಕಾದರೆ, ಅಗಲ ಕಡಿಮೆಯಾದಂತೆ ಒತ್ತಡದ ನಷ್ಟ ಸುಮಾರು ಐದನೇ ಘಾತದಲ್ಲಿ ಏರುತ್ತದೆ. ಕಾಲಿಂಚಿನ ಒಳಗನ್ನು 5 ಮಿಲಿಮೀಟರಿಗೆ ಇಳಿಸಿದರೆ ಸಾಕು, ನಷ್ಟ ಮೂರು ಪಟ್ಟು. ಉದ್ದವನ್ನು ಮೂರು ಪಟ್ಟು ಮಾಡಿದ್ದೂ, ಅಗಲದಲ್ಲಿ ಅಕ್ಕಿಕಾಳಿನ ದಪ್ಪ ಕಳೆದದ್ದೂ ಒಂದೇ.

ಇಲ್ಲಿಯೇ ಅಂಗಡಿಯ ಹೋಲಿಕೆ ಎಡವುವುದು. ಗಿರಾಕಿ ಹೋಸಿನ ಹೊರಮೈ ನೋಡುತ್ತಾನೆ. ರಬ್ಬರಿನದು ದಪ್ಪ, ನೇಯ್ಗೆಯದು ತೆಳು ಮತ್ತು ಬಳ್ಳಿಯಂತೆ ಬಾಗುತ್ತದೆ. ಹೊರಗಿನ ದಪ್ಪಕ್ಕೂ ಒಳಗಿನ ಅಗಲಕ್ಕೂ ಸಂಬಂಧವಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೋಸಿನ ಎರಡೂ ತುದಿಗೆ ಹಿತ್ತಾಳೆಯ ಜೋಡಣೆಗಳಿವೆ. ಹೋಸಿನೊಳಕ್ಕೆ ತೂರಿಸಿ, ಹೊರಗಿನಿಂದ ಬಳೆ ಹಾಕಿ ಅದುಮಿ ಕೂರಿಸಿದ ಈ ಮೊಳೆಯಂಥ ಭಾಗದ ತೂತು ಹೋಸಿನ ತೂತಿಗಿಂತ ಕಿರಿದಾಗಿರಲೇಬೇಕಲ್ಲ! ಗಾಳಿ ಅಗಲದಿಂದ ಇಕ್ಕಟ್ಟಿಗೆ ನುಗ್ಗಿ, ಮತ್ತೆ ಅಗಲಕ್ಕೆ ಬಿದ್ದು, ಇನ್ನೊಂದು ತುದಿಯಲ್ಲಿ ಮತ್ತೆ ಇಕ್ಕಟ್ಟಿಗೆ ನುಗ್ಗುತ್ತದೆ. ಜೋರು ಉಸಿರಾಟದಲ್ಲಿ ಈ ಎರಡು ಇಕ್ಕಟ್ಟುಗಳು ಸೇರಿ, ಮುಕ್ಕಾಲು ಮೀಟರ್ ಹೋಸಿನ ಇಡೀ ಉದ್ದ ತಿನ್ನುವುದಕ್ಕಿಂತ ಹೆಚ್ಚು ಒತ್ತಡ ತಿನ್ನಬಲ್ಲವು. ಮೂರು ಪಥದ ರಸ್ತೆಗೆ ಎರಡು ಕಡೆ ಒಂದೊಂದು ಪಥದ ಟೋಲ್‌ಗೇಟ್ ಇಟ್ಟ ಕಥೆ. ಬಾಯಿಯ ಹತ್ತಿರ ಹೋಸು ನೆಟ್ಟಗಿರಲೆಂದು ಸೇರಿಸುವ ತಿರುಗುವ ಮೊಳಕೈ ತುಂಡು ಇನ್ನೊಂದು ತಿರುವು, ಇನ್ನೊಂದು ಇಕ್ಕಟ್ಟು, ಸೋರಲು ಇನ್ನೊಂದು ಓ-ರಿಂಗ್.

ಈ ಮಾತಿಗೆ ಸಾಕ್ಷಿ ಅದೇ ಗೊಂಚಲಿನಲ್ಲಿದೆ. ಮೂರನೆಯ ಹೋಸು ಮೈಮೇಲಿನ ಜಾಕೆಟ್ಟಿಗೆ ಗಾಳಿ ತುಂಬಲು. ಅದರ ತುದಿಯ ಚಿಟಿಕೆ ಜೋಡಣೆಯೊಳಗೆ ಸೈಕಲ್ ಟ್ಯೂಬಿನಲ್ಲಿರುವಂಥ ಪುಟ್ಟ ವಾಲ್ವ್ ಇದೆ. ಜಾಕೆಟ್ಟಿಗೆ ಅಷ್ಟು ಸಾಕು, ನಿಧಾನಕ್ಕೆ ತುಂಬಿದರೇ ಕ್ಷೇಮ. ಆದರೆ ಕೆಲವು ಕಂಪನಿಗಳು ಜಾಕೆಟ್ಟಿನ ಗುಂಡಿಗೇ ಉಸಿರಾಡುವ ಬಾಯಿಯನ್ನೂ ಸೇರಿಸಿ, ಬಿಡಿ ಹೋಸೊಂದನ್ನು ಉಳಿಸುತ್ತವೆ. ಅಂಥ ಮಾದರಿಗಳಲ್ಲಿ ಜೋಡಣೆ ಬೇರೆ, ಗಾತ್ರದಲ್ಲಿ ದೊಡ್ಡದು. ಉಸಿರಿಗೆ ಬೇಕಾದ ಗಾಳಿ ಚಿಟಿಕೆ ಜೋಡಣೆಯಲ್ಲಿ ನುಸುಳದು ಎಂಬುದು ಅವರಿಗೆ ಗೊತ್ತು.

ನಾಲ್ಕನೆಯದು, ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮೀಟರಿನ ಹೋಸು. ಇದೊಂದರಲ್ಲಿ ಮಾತ್ರ ಸಿಲಿಂಡರಿನ ಪೂರ್ತಿ 200 ಬಾರ್. ಹೊಸಬರಿಗೆ ಹೆದರಿಕೆ ಇದರದೇ: ಇದು ಒಡೆದರೆ ಗತಿಯೇನು? ನಿಜ ತಲೆಕೆಳಗು. ಮೀಟರಿಗೆ ಗಾಳಿಯ ಹರಿವು ಬೇಕಿಲ್ಲ, ಒತ್ತಡ ಮುಟ್ಟಿದರೆ ಸಾಕು. ಆದ್ದರಿಂದ ಆ ದಾರಿಯಲ್ಲಿ ಸೂಜಿಮೊನೆಯಷ್ಟು ತೂತು ಮಾತ್ರ ಬಿಟ್ಟಿರುತ್ತಾರೆ. ಅದು ಒಡೆದರೆ ಸದ್ದು, ಗುಳ್ಳೆ ಜೋರು, ಸಿಲಿಂಡರ್ ಬರಿದಾಗಲು ಮಾತ್ರ ಸಾಕಷ್ಟು ನಿಮಿಷ ಬೇಕು. ಮೇಲೆ ಬರಲು ಸಮಯವಿದೆ. ಲೋ ಪ್ರೆಶರ್ ಹೋಸು ಸೀಳಿದರೆ ತುಂಬಿದ ಸಿಲಿಂಡರು ಒಂದೆರಡು ನಿಮಿಷದಲ್ಲಿ ಖಾಲಿ. ಗಾಳಿ ಧಾರಾಳ ಹರಿಯಲೆಂದು ಮಾಡಿದ ದಾರಿ, ಸೋರುವಾಗಲೂ ಧಾರಾಳವೇ.

ಮನೆಯಲ್ಲೇ ಹೋಲಿಸಿ ನೋಡುವ ಉತ್ಸಾಹಿಗಳು ಎಲ್ಲ ಕಡೆ ಇರುತ್ತಾರೆ. ಹೋಸಿನ ತುದಿಯನ್ನು ಬಯಲಿಗೆ ಬಿಟ್ಟು, ಸಿಲಿಂಡರು 200ರಿಂದ 150ಕ್ಕೆ ಇಳಿಯಲು ಎಷ್ಟು ಸೆಕೆಂಡು ಎಂದು ಎಣಿಸುವುದು ಅವರ ವಿಧಾನ. ಇದರಲ್ಲೊಂದು ಮೋಸವಿದೆ. 10 ಬಾರಿನ ಗಾಳಿಯನ್ನು ಬಯಲಿಗೆ ಬಿಟ್ಟಾಗ, ದಾರಿಯ ಅತಿ ಇಕ್ಕಟ್ಟಿನ ಜಾಗದಲ್ಲಿ ವೇಗ ಶಬ್ದದ ವೇಗವನ್ನು ಮುಟ್ಟಿ, ಅಲ್ಲಿಗೇ ನಿಂತುಬಿಡುತ್ತದೆ. ಆಮೇಲೆ ಕೆಳಗಿನ ತುದಿಯಲ್ಲಿ ಏನು ಮಾಡಿದರೂ ಹರಿವು ಹೆಚ್ಚದು. ಹಾಗಾಗಿ ಆ ಪರೀಕ್ಷೆ ಅಳೆಯುವುದು ಹೆಚ್ಚಾಗಿ ಇಕ್ಕಟ್ಟಾದ ಒಂದು ತೂತನ್ನು, ಅಥವಾ ಫಸ್ಟ್ ಸ್ಟೇಜಿನ ತಾಕತ್ತನ್ನು. ಉಸಿರಾಡುವಾಗ ಹೋಸಿನಲ್ಲಿ ಹಾಗೆ ನಡೆಯುವುದಿಲ್ಲ. ಅದಕ್ಕಿಂತ ಒಳ್ಳೆಯದು, ಮಧ್ಯದ ಒತ್ತಡ ತೋರಿಸುವ ಪುಟ್ಟ ಗೇಜನ್ನು ಜಾಕೆಟ್ಟಿನ ಹೋಸಿಗೆ ಸಿಕ್ಕಿಸಿ, ಜೋರಾಗಿ ಉಸಿರೆಳೆದಾಗ ಮುಳ್ಳು ಎಷ್ಟು ಜಾರುತ್ತದೆ, ಎಷ್ಟು ಬೇಗ ಮರಳುತ್ತದೆ ಎಂದು ನೋಡುವುದು. ಫಸ್ಟ್ ಸ್ಟೇಜ್ ತಾನೇ ಜಾರುವ ಮೊತ್ತದ ಮುಂದೆ ಹೋಸಿನ ಪಾಲು ಬಹಳ ಸಲ ಕಾಣಿಸುವುದೂ ಇಲ್ಲ. ಒಳ್ಳೆಯ ಸೆಕೆಂಡ್ ಸ್ಟೇಜುಗಳು ಈ ಜಾರಾಟಕ್ಕೆ ಅಷ್ಟಾಗಿ ಅಂಜದ ಹಾಗೆ ಸಮತೋಲ ಮಾಡಿದವು.

ಇನ್ನೊಂದು ವಿಷಯ ಜಾಹೀರಾತುಗಳಲ್ಲಿ ಇರುವುದೇ ಇಲ್ಲ. ಆಳದಲ್ಲಿ ಉಸಿರು ಭಾರವಾಗುವುದಕ್ಕೆ ದೊಡ್ಡ ಕಾರಣ ಗಾಳಿಯ ಸಾಂದ್ರತೆ. ಮೇಲೆ ಲೀಟರಿಗೆ 1.2 ಗ್ರಾಂ ಇರುವ ಗಾಳಿ 30 ಮೀಟರಿನಲ್ಲಿ ಸುಮಾರು 5 ಗ್ರಾಂ ಆಗುತ್ತದೆ. 5.2 ಗ್ರಾಂ ಒಳಗಿರಲಿ, 6.2 ದಾಟಲೇಬಾರದು ಎಂದು ಗೇವಿನ್ ಆಂಟನಿ ಮತ್ತು ಸೈಮನ್ ಮಿಚೆಲ್ 2016ರಲ್ಲಿ ಹೇಳಿದ್ದು ಈಗ ಆಳಕ್ಕಿಳಿಯುವವರ ನಡುವೆ ಚಾಲ್ತಿಯ ಮಾತು. ಆ ಮಂದವಾದ ಗಾಳಿ ಹೋಸು ದಾಟಿದ ಮೇಲೆ ಮುಳುಗುಗಾರನ ಸ್ವಂತ ಶ್ವಾಸನಾಳಗಳನ್ನು ದಾಟಬೇಕು. ಅಲ್ಲಿ ತಳ್ಳಲು 9 ಬಾರ್ ಇಲ್ಲ, ಪಕ್ಕೆಲುಬಿನ ಸ್ನಾಯುಗಳೂ ವಪೆಯೂ ಅಷ್ಟೇ. ಆ ಕೊಳವೆಗಳಿಗೆ ಅಂಗಡಿಯಲ್ಲಿ ಬದಲಿ ಸಿಗದು.

ಪೆರುಂಗುಡಿಯಿಂದ ದಕ್ಷಿಣಕ್ಕೆ ಹೊರಟ ರಸ್ತೆ ತನ್ನ ಹೆಸರಿಗೆ ತಕ್ಕಂತೆ ಮಹಾಬಲಿಪುರದ ದಿಕ್ಕಿಗೆ ಓಡುತ್ತದೆ. ಅಲ್ಲಿನ ಕಡಲತೀರದ ದೇಗುಲದ ಎದುರು, 2002ರ ಏಪ್ರಿಲ್‌ನಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಬ್ರಿಟನ್ನಿನ ತಂಡವೊಂದರ ಜೊತೆ ಮುಳುಗಿ, ಕಲ್ಲಿನ ಕಟ್ಟಡದ ಅವಶೇಷಗಳನ್ನು ಕಂಡರು. ಆಳ 5ರಿಂದ 8 ಮೀಟರ್. ಆ ಸಂಸ್ಥೆಯಲ್ಲಿ ಕಡಲೊಳಗಿನ ಪುರಾತತ್ತ್ವಕ್ಕೆ ಅಡಿಪಾಯ ಹಾಕಿದವರು ಕನ್ನಡಿಗರಾದ ಎಸ್. ಆರ್. ರಾವ್, ಅಂದರೆ ಶಿಕಾರಿಪುರ ರಂಗನಾಥ ರಾವ್. ಲೋಥಾಲ್ ಅಗೆದು, ಆಮೇಲೆ 1980ರ ದಶಕದಲ್ಲಿ ದ್ವಾರಕೆಯ ನೀರಿಗೆ ತಂಡ ಇಳಿಸಿದವರು. ದ್ವಾರಕೆಯಲ್ಲೂ ಕಾವೇರಿ ಕಡಲು ಸೇರುವ ಪೂಂಪುಹಾರಿನಲ್ಲೂ ಕಲ್ಲಿನ ಮೇಲಿನ ಪಾಚಿ ಕೆರೆದು, ಅಳತೆ ತೆಗೆದು, ಚಿತ್ರ ಬರೆದ ಕೆಲಸವೆಲ್ಲ ಇಂಥ ಕಾಲಿಂಚಿನ ಹೋಸುಗಳ ಆಸರೆಯಲ್ಲಿ ನಡೆದದ್ದು. ಆಳ ಕಡಿಮೆ, ನೀರು ಕಲಕು, ದುಡಿಮೆ ಹೆಚ್ಚು. ಯಾವ ಹೋಸಿನಲ್ಲಿ ಹರಿವು ಶೇಕಡಾ ಎಷ್ಟು ಜಾಸ್ತಿ ಎಂಬುದಕ್ಕಿಂತ, ಈ ಹೋಸು ಇವತ್ತು ಸರಿಯಿದೆಯೇ ಎಂಬುದು ಅಂಥ ಕಡೆ ದೊಡ್ಡ ಪ್ರಶ್ನೆ.

ಪೆರುಂಗುಡಿಯ ಪಕ್ಕದ ಪಳ್ಳಿಕರಣೈಯಲ್ಲಿ, ಹೋಸು ಕಚ್ಚಿ ಕಡಲಿಗಿಳಿಯುವುದಕ್ಕೆ ತೀರ ಉಲ್ಟಾ ದಾರಿ ಹಿಡಿದವರೂ ಇದ್ದಾರೆ. ಜೌಗುನೆಲದ ಹಕ್ಕಿಗಳಿಗೆ ಹೆಸರಾದ ಆ ಜಾಗದಲ್ಲೇ 1993ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇರುವುದು. 6,000 ಮೀಟರ್ ಆಳಕ್ಕೆ ಮೂವರನ್ನು ಒಯ್ಯಲು ಅವರು ಕಟ್ಟುತ್ತಿರುವ ಮತ್ಸ್ಯ-6000ರ ಮನುಷ್ಯರು ಕೂರುವ ಗೋಳದ ಒಳವ್ಯಾಸ 2.1 ಮೀಟರ್. ಅದರೊಳಗೆ ಗಾಳಿ ಚೆನ್ನೈನ ಗಾಳಿಯಷ್ಟೇ ಒತ್ತಡದ್ದು. ಕಡಲಿನ ಭಾರವನ್ನೆಲ್ಲ ಗೋಳ ಹೊರುತ್ತದೆ. ಅಲ್ಲಿ ಉಸಿರು ಮಂದವಾಗುವ ಪ್ರಶ್ನೆಯೇ ಏಳದು. ಸ್ಕೂಬಾದವನು ಮಾತ್ರ ಆ ಭಾರವನ್ನು ತನ್ನ ಎದೆಯೊಳಕ್ಕೇ ಕರೆದುಕೊಳ್ಳುತ್ತಾನೆ.

ಇನ್ನು ಚೆನ್ನೈನ ವಿಶೇಷಕ್ಕೆ ಬರಬೇಕು. ಯುರೋಪಿನ ಪರೀಕ್ಷೆಗಳು ಭಯಪಡುವುದು ಚಳಿಗೆ: 4 ಡಿಗ್ರಿಯ ನೀರಿನಲ್ಲಿ ರೆಗ್ಯುಲೇಟರ್ ಹೆಪ್ಪುಗಟ್ಟಿ ಗಾಳಿ ಒಂದೇ ಸಮ ಸುರಿಯತೊಡಗುತ್ತದೆ. ಕೋರಮಂಡಲದ ಬೆಚ್ಚಗಿನ ಕಡಲಿನಲ್ಲಿ ಆ ಚಿಂತೆ ಇಲ್ಲ. ಇಲ್ಲಿಯ ಶತ್ರು ಸೆಖೆ.

ನೇಯ್ಗೆಯ ಹೋಸುಗಳ ಒಳಪದರ ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್ಕು. ಅದರಲ್ಲಿ ಎರಡು ಜಾತಿ: ಪಾಲಿಎಸ್ಟರ್ ಮೂಲದ್ದು, ಪಾಲಿಈಥರ್ ಮೂಲದ್ದು. ಮೊದಲನೆಯದು ತೇವ ಮತ್ತು ಬಿಸಿ ಎರಡೂ ಸೇರಿದರೆ ನಿಧಾನಕ್ಕೆ ಒಡೆಯುತ್ತದೆ. ಹಳೆಯ ಸ್ಪೋರ್ಟ್ಸ್ ಶೂವಿನ ಅಟ್ಟೆ ಕಪಾಟಿನಲ್ಲಿಟ್ಟಲ್ಲೇ ಪುಡಿಯಾಗುವುದನ್ನು ಕಂಡವರಿಗೆ ಈ ಬಗೆಯ ಕುಸಿತ ಹೊಸತಲ್ಲ. ಒಡೆದ ಪದರದಿಂದ ಹೋಸಿನ ಒಳಗೇ ಹರಳಿನಂಥ ಕಣಗಳು ಕಟ್ಟಿಕೊಂಡು, ದಾರಿ ಕಿರಿದಾಗಿ, ಕೊನೆಗೆ ಗಾಳಿಯೇ ನಿಂತ ಪ್ರಕರಣಗಳನ್ನು ಮುಂದಿಟ್ಟು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಉಷ್ಣವಲಯದಲ್ಲಿ ಇದರ ಭಯ ಹೆಚ್ಚು. ಹೊರಗಿನ ನೇಯ್ಗೆ ಹೊಸ ಸೀರೆಯ ಅಂಚಿನಂತೆ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ರೋಗ. ಅಗಲ ತುಸು ಕಳೆದರೆ ನಷ್ಟ ಐದನೇ ಘಾತದಲ್ಲಿ ಏರುತ್ತದೆ ಎಂಬ ಆ ಲೆಕ್ಕ ಇಲ್ಲಿ ಜೀವಕ್ಕೆ ಬರುತ್ತದೆ.

ರಬ್ಬರಿನ ಹೋಸು ಇಷ್ಟು ಕಪಟಿ ಅಲ್ಲ. ಅದು ಕೆಟ್ಟರೆ ಸಾಮಾನ್ಯವಾಗಿ ಹೊರಗೇ ಬಿರುಕು ತೋರಿಸುತ್ತದೆ. ಬಾಗಿಸಿದಾಗ ಬಿಸಿಲಿಗೆ ಒಣಗಿದ ಕೆರೆಯ ತಳದಂತೆ ಕಾಣುತ್ತದೆ. ಅದರ ಹೊರಮೈಯಿಂದ ನೀರಿನಲ್ಲಿ ಸಾಸಿವೆಯಂಥ ಗುಳ್ಳೆಗಳು ಏಳುವುದುಂಟು. ಒಳಪದರದಿಂದ ಜಿನುಗಿದ ಗಾಳಿ ಮೇಲಿನ ಪದರವನ್ನು ಬೊಕ್ಕೆ ಎಬ್ಬಿಸದಿರಲಿ ಎಂದು ತಯಾರಕರೇ ಚುಚ್ಚಿಟ್ಟ ಸೂಜಿ ತೂತುಗಳಿರುತ್ತವೆ. ಹನಿಹನಿ ಗುಳ್ಳೆಗೆ ಗಾಬರಿ ಬೇಡ. ಭಾರ ಹೆಚ್ಚು, ಬಾಗುವುದು ಕಡಿಮೆ, ದವಡೆ ಎಳೆಯುತ್ತದೆ ಎಂಬ ದೂರುಗಳು ನಿಜ. ಆದರೂ ಪೆರುಂಗುಡಿಯಂಥ ಊರಿನಲ್ಲಿ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುವ ಸಾಮಾನಿಗೆ ರಬ್ಬರೇ ವಾಸಿ ಎಂದು ಈ ಬರಹ ಪಕ್ಷಪಾತ ತೋರಿದರೆ ತಪ್ಪಿಲ್ಲ. ನೇಯ್ಗೆಯದೇ ಬೇಕೆನ್ನುವವರು ಒಳಪದರ ಯಾವ ಜಾತಿಯದು, ತಯಾರಾದ ವರ್ಷ ಯಾವುದು ಎಂದು ಕೇಳಿ ಕೊಳ್ಳಬೇಕು. ಐದು ವರ್ಷಕ್ಕೊಮ್ಮೆ ಬದಲಾಯಿಸುವ ರೂಢಿ ಸುಮ್ಮನೆ ಬಂದದ್ದಲ್ಲ.

ಒಳಗೆ ತೇವ ಬರುವುದಾದರೂ ಎಲ್ಲಿಂದ? ಸಿಲಿಂಡರಿನ ಗಾಳಿ ಒಣಗಾಳಿ. ಕಂಪ್ರೆಸರಿನ ಫಿಲ್ಟರು ತೇವವನ್ನು ಹೀರಿಯೇ ಬಿಡುತ್ತದೆ. ತೇವ ಬರುವುದು ಬಕೆಟ್ಟಿನಿಂದ. ಬಾಲ್ಕನಿಯ ಮಗ ಸೆಕೆಂಡ್ ಸ್ಟೇಜನ್ನು ನೀರಿನಲ್ಲಿ ಮುಳುಗಿಸಿಟ್ಟು, ಉಪ್ಪು ಹೋಗಲಿ ಎಂದು ಅದರ ಮುಖದ ಗುಂಡಿ ಒತ್ತುತ್ತಾನೆ. ಒತ್ತಿದೊಡನೆ ವಾಲ್ವ್ ತೆರೆಯುತ್ತದೆ. ಸಿಲಿಂಡರಿಗೆ ಜೋಡಿಸಿದ್ದರೆ ಗಾಳಿ ಹೊರಗೆ ನುಗ್ಗುತ್ತಿತ್ತು. ಈಗ ಜೋಡಿಸಿಲ್ಲ, ಒತ್ತಡವಿಲ್ಲ, ನೀರು ಹೋಸಿನೊಳಕ್ಕೆ ಮೆಲ್ಲಗೆ ಏರುತ್ತದೆ. ಸುತ್ತಿ ಬ್ಯಾಗಿಗೆ ಹಾಕಿ, ಬ್ಯಾಗನ್ನು ಮಂಚದ ಕೆಳಗೆ ತಳ್ಳಿದರೆ, ಮುಂದಿನ ಸಲ ತೆಗೆಯುವವರೆಗೆ ಏಪ್ರಿಲ್, ಮೇ ಎರಡೂ ಕಳೆದಿರುತ್ತವೆ. ಹೋಸಿನ ತುದಿಗೆ ತೊಡಿಸುವ ರಬ್ಬರ್ ಅಂಗಿಯೂ ಇಂಥದೇ ಉಪಕಾರ ಮಾಡುತ್ತದೆ. ಹೋಸು ಮುರಿಯದಿರಲಿ ಎಂದು ತೊಡಿಸಿದ ಅಂಗಿ ಉಪ್ಪುನೀರನ್ನು ಹಿಡಿದಿಟ್ಟು, ಅದರಡಿಯಲ್ಲಿ ಲೋಹದ ಬಳೆ ಹಸಿರುಗಟ್ಟುತ್ತಿರುತ್ತದೆ. ಸರಿಸಿ ನೋಡುವವರು ಯಾರು?

ಊಹೆಯ ಆ ಮನೆಯಲ್ಲಿ ಮಗ ಸರಿಸಿ ನೋಡಿದ ಎನ್ನೋಣ. ಬಳೆಯ ಅಂಚಿನಲ್ಲಿ ಹಸಿರು. ಸ್ಪ್ಯಾನರ್ ಹಾಕಿ ಹೋಸನ್ನು ಎರಡೂ ಕಡೆಯಿಂದ ಬಿಚ್ಚಿದ. ಒಂದು ತುದಿಯನ್ನು ಬಿಳಿ ತಟ್ಟೆಯ ಮೇಲೆ ಹಿಡಿದು ಇನ್ನೊಂದು ತುದಿಯಿಂದ ಬೆರಳಲ್ಲಿ ತಟ್ಟಿದ. ರವೆಯಂಥ ನಾಲ್ಕಾರು ಕಣ ಉದುರಿದವು. ಟಾರ್ಚ್ ಹಿಡಿದು ಒಳಗೆ ಇಣುಕಿದ. ಆಚೆಯ ಬೆಳಕಿನ ಚುಕ್ಕೆ ದುಂಡಗಿರದೆ ಒಂದು ಬದಿ ಕಚ್ಚಿದ ಹಾಗಿತ್ತು. ಕತ್ತರಿ ತಂದು, ಯಾರೂ ಮತ್ತೆ ಬಳಸದ ಹಾಗೆ ಹೋಸನ್ನು ನಡುವೆ ಕತ್ತರಿಸಿ ಎರಡು ತುಂಡು ಮಾಡಿ ಕಸದ ಬುಟ್ಟಿಯ ಕಡೆ ಹೊರಟ.

“ಅಯ್ಯೋ, ಎಷ್ಟು ಚೆನ್ನಾಗಿದೆಯಲ್ಲೋ ಇನ್ನೂ! ಇಲ್ಲಿ ಕೊಡು,” ಎಂದು ತಾಯಿ ಕೈ ಚಾಚಿದರು. ಮರುದಿನ ಬೆಳಗ್ಗೆ ಟ್ಯಾಂಕರ್ ಬರುವ ಹೊತ್ತಿಗೆ ಬಾಲ್ಕನಿಯ ಮಲ್ಲಿಗೆ ಬಳ್ಳಿಯನ್ನು ಸರಳಿಗೆ ಕಟ್ಟಿದ್ದು ಆ ಕಪ್ಪು ನೇಯ್ಗೆಯ ತುಂಡೇ.